ಮುಖ ನೋಡಿ ಹೇಳಬೇಕಾದ ಮಾತು

"ನನ್ನ ಆಟ ಮುಗೀತು ಅಂತ ನಿಂಗೆ ಅನ್ನಿಸಿದ ದಿನ ನೀನೇ ಬಂದು ಹೇಳ್ಬೇಕು. ಕೋಚ್ ಅಲ್ಲ, ಪೇಪರ್‌ನವರಲ್ಲ. ನೀನು. ಮುಖ ನೋಡಿ."

"ನಂದು ಮುಗಿದಾಗ ನೀನೂ ಅಷ್ಟೇ. ಸುತ್ತಿ ಬಳಸಿ ಬೇಡ."

"ಆಯ್ತು. ಕೈ ಕೊಡು."

ಪಹಾರೆಸ್ ಘಟ್ಟವನ್ನು ಏದುಸಿರು ಬಿಡುತ್ತ ಇಳಿಯುತ್ತಿದ್ದ ಬಸ್ಸಿನ ಕೊನೆಯ ಸೀಟಿನಲ್ಲಿ ಸೆಲ್ಮೊ ಮತ್ತು ಕೊರ್ಸಿನೊ ಕೈ ಕುಲುಕಿದರು. ಇಬ್ಬರಿಗೂ ಆಗಿನ್ನೂ ಮೀಸೆ ದಪ್ಪವಾಗದ ವಯಸ್ಸು. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಒದ್ದೆ ಉಣ್ಣೆಯ, ಬೆವರಿನ, ಕಿತ್ತಳೆ ಸಿಪ್ಪೆಯ ವಾಸನೆ. ಅವರು ಕೂತಿದ್ದ ಸೀಟು ಹಿಂದಿನ ವಾರದವರೆಗೂ ಬೆನಿತೊನದಾಗಿತ್ತು.

ಬೆನಿತೊ ಇವರ ಊರು ರಿಯಾಮೆರಾದ ಫುಟ್‌ಬಾಲ್ ತಂಡದ ಹಳೆಯ ಡಿಫೆಂಡರ್. ಅವನ ಕಾಲಿಗೆ ಸಿಕ್ಕಿ ನೆಲ ಕಚ್ಚದ ಫಾರ್ವರ್ಡ್ ಆ ಸೀಮೆಯಲ್ಲೇ ಇಲ್ಲ ಎನ್ನುತ್ತಿದ್ದರು. ಆದರೆ ಹಿಂದಿನ ಭಾನುವಾರ, ಸ್ವಂತ ಮೈದಾನದಲ್ಲಿ, ಸ್ವಂತ ಊರಿನವರೆದುರು, ಎದುರಾಳಿಯ ಹೊಸಬನೊಬ್ಬ ಅವನನ್ನು ಕಂಬ ದಾಟಿದ ಹಾಗೆ ದಾಟಿ ಹೋಗಿ ಗೋಲಿನ ಮೇಲೆ ಗೋಲು ಹೊಡೆದ. ಜನ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬೀಸತೊಡಗಿದರು. ಗೂಳಿಕಾಳಗದಲ್ಲಾದರೆ ಅದು ಮೆಚ್ಚುಗೆ. ಫುಟ್‌ಬಾಲ್ ಮೈದಾನದಲ್ಲಿ 'ಸಾಕು, ತೊಲಗು' ಎಂದರ್ಥ. ಬೆನಿತೊ ಏನೆಂದುಕೊಂಡನೋ, ಎದೆಯ ಮೇಲೆ ಕೈಯಿಟ್ಟು ಸ್ಟ್ಯಾಂಡಿನ ಕಡೆ ತಿರುಗಿ ತಲೆಬಾಗಿದ. ತಂಡದವರೆಲ್ಲ ನೆಲ ನೋಡಿದರು. ಆಮೇಲೆ ಸ್ನಾನದ ಮನೆಯಲ್ಲೂ ಅವನಿಗೆ ಯಾರೂ ಏನೂ ಹೇಳಲಿಲ್ಲ. ಮರುದಿನ ಪೇಪರ್ ಹೇಳಿತು.

"ನಾವು ಹಾಗೆ ಆಗ್ಬಾರ್ದು ಕಣೋ," ಎಂದಿದ್ದ ಕೊರ್ಸಿನೊ, ಬಸ್ ಹತ್ತುವಾಗಲೇ. ಮಾತು ಅಲ್ಲಿಂದ ಹುಟ್ಟಿದ್ದು.

ಬೆನಿತೊನ ಜಾಗ ಸೆಲ್ಮೊನಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಗೋಲ್‌ಕೀಪರಿನ ಮುಂದೆ ನಡುವಿನಲ್ಲಿ ನಿಂತ ಜೋಡಿ ಇವರದೇ. ನಾಲ್ಕನೇ ನಂಬರ್ ಕೊರ್ಸಿನೊ, ಐದನೇ ನಂಬರ್ ಸೆಲ್ಮೊ. ಇಬ್ಬರ ಅಪ್ಪಂದಿರೂ ಒಂದೇ ಕಲ್ಲಿದ್ದಲು ಗಣಿಗೆ ಇಳಿದವರು. ಭೂಮಿಯ ಕೆಳಗೆ ಅವರು ಹೇಗೆ ಒಬ್ಬರ ದನಿಯನ್ನೊಬ್ಬರು ನಂಬಿ ಕೆಲಸ ಮಾಡುತ್ತಿದ್ದರೋ ಮಕ್ಕಳು ಮೈದಾನದ ಮೇಲೆ ಹಾಗೇ ಮಾಡಿದರು. ಕೊರ್ಸಿನೊ ನೋಡುವವನು, ಕೂಗುವವನು. ಸೆಲ್ಮೊ ಕೇಳುವವನು. ಎದುರಾಳಿ ಚೆಂಡು ಒದೆಯಲು ಕಾಲೆತ್ತಿದ ಹೊತ್ತಿಗೆ ಸರಿಯಾಗಿ ಕೊರ್ಸಿನೊ "ಹೊರಗೆ!" ಎಂದು ಕಿರುಚುತ್ತಿದ್ದ. ತಕ್ಷಣ ಇಬ್ಬರೂ ಒಟ್ಟಿಗೆ ಮುಂದಕ್ಕೆ ನೆಗೆಯಬೇಕು. ಹಿಂದೆ ಉಳಿದ ಫಾರ್ವರ್ಡ್‌ಗಳು ಆಫ್‌ಸೈಡ್ ಆಗಿ, ಅಂದರೆ ಡಿಫೆಂಡರ್‌ಗಳಿಗಿಂತ ಗೋಲಿಗೆ ಹತ್ತಿರ ನಿಂತ ತಪ್ಪಿಗೆ ಸಿಕ್ಕಿ, ರೆಫರಿ ಕಡೆ ಕೈಯೆತ್ತಿ ಗೋಗರೆಯುತ್ತಿದ್ದರು. ಇದರಲ್ಲಿ ತಿರುಗಿ ನೋಡುವ ಹಾಗಿಲ್ಲ. ನಿಜವಾಗಿಯೂ ಹೋಗಬೇಕಾ ಎಂದು ಯೋಚಿಸುವ ಹಾಗಿಲ್ಲ. ಒಬ್ಬ ಮುಂದೆ ಹೋಗಿ ಇನ್ನೊಬ್ಬ ಉಳಿದನೋ, ಗೋಲು.

ಸೆಲ್ಮೊ ಒಂದು ದಿನವೂ ತಿರುಗಿ ನೋಡಿದವನಲ್ಲ. ಹೆಂಡತಿ ಹೆರ್ಮಿನಿಯಾ ಅದನ್ನೇ ಹಿಡಿದು ಹಂಗಿಸುತ್ತಿದ್ದಳು. "ನಾನು ಹತ್ತು ಸಲ ಕರೆದ್ರೂ ಎದ್ದು ಬರಲ್ಲ. ಅವನು ಒಂದ್ಸಲ ಕೂಗಿದ್ರೆ ಸಾಕು, ನಾಯಿ ಹಾಗೆ ಓಡ್ತೀಯ. ಅವನನ್ನೇ ಕಟ್ಕೋಬಹುದಿತ್ತು."

ತಂಡ ಮೇಲೇರಿತು. ಕೆಲವು ವರ್ಷ ಮೊದಲ ದರ್ಜೆಯಲ್ಲೂ ಆಡಿತು. ಮಾದ್ರಿದ್, ಸೆವಿಯಾ, ವಲೆನ್ಸಿಯಾ ಎಂದು ಸೆಲ್ಮೊ ಎಲ್ಲ ಕಡೆ ಹೋಗಿ ಬಂದ. ನೋಡಿದ್ದು ಹೋಟೆಲಿನ ಚಾವಣಿ ಮತ್ತು ದೊಡ್ಡ ದೊಡ್ಡ ಫಾರ್ವರ್ಡ್‌ಗಳ ಬೆನ್ನು. ಎರಡು ಸಲ ಮೂಗು ಮುರಿಯಿತು. ಹುಬ್ಬಿನ ಮೇಲಿನ ಹೊಲಿಗೆಯ ಲೆಕ್ಕ ಬಿಟ್ಟಿದ್ದ. ಆಗಿನ ಚೆಂಡು ಚರ್ಮದ್ದು; ಮಳೆ ನೀರು ಕುಡಿದು ಒದ್ದೆ ಮೂಟೆಯಂತೆ ಭಾರವಾಗುತ್ತಿತ್ತು. ಅದಕ್ಕೆ ಇಬ್ಬರೂ ಹಣೆ ಕೊಡುತ್ತಿದ್ದರು, ಭಾನುವಾರ ಆಟದಲ್ಲಿ, ಉಳಿದ ದಿನ ಅಭ್ಯಾಸದಲ್ಲಿ. ಸಂಜೆ ತಲೆ ಧಿಮ್ಮೆನ್ನುತ್ತಿದ್ದರೆ ಆಟ ಚೆನ್ನಾಗಿ ಆಡಿದೆವೆಂದು ಲೆಕ್ಕ.

ಮೂವತ್ತು ದಾಟಿದ ಮೇಲೆ ಸೆಲ್ಮೊನ ಬಲ ಮೊಣಕಾಲು ಕೈ ಕೊಡತೊಡಗಿತು. ಸೂಜಿ ಚುಚ್ಚಿಸಿಕೊಂಡು ಆಡಿದ. ಮದ್ದಿನ ಅಮಲು ಇಳಿದ ಮೇಲೆ ಮೆಟ್ಟಿಲನ್ನು ಒಂದೊಂದೇ ಹತ್ತಿದ. ಯಾರಿಗೂ ಗೊತ್ತಿಲ್ಲವೆಂದುಕೊಂಡ. ಮತ್ತೆ ಮೊದಲ ದರ್ಜೆಗೆ ಏರಬೇಕಿದ್ದ ಪಂದ್ಯದಲ್ಲಿ, ಇನ್ನೇನು ಮುಗಿಯುತ್ತದೆ ಎನ್ನುವಾಗ, ಕೊರ್ಸಿನೊ "ಹೊರಗೆ!" ಎಂದ. ಸೆಲ್ಮೊನ ಮೈ ಹೊರಟಿತು, ಕಾಲು ಹೊರಡಲಿಲ್ಲ. ಎದುರಾಳಿ ಫಾರ್ವರ್ಡ್ ಅವನ ಬೆನ್ನ ಹಿಂದಿನಿಂದ ಆರಾಮಾಗಿ ನಡೆದು ಹೋಗಿ ಗೋಲು ಹೊಡೆದ. ರಿಯಾಮೆರಾ ಇದ್ದಲ್ಲೇ ಉಳಿಯಿತು.

ಅದಾದ ವಾರ ಕೊರ್ಸಿನೊ ಮನೆಗೆ ಬಂದ. ಹೆರ್ಮಿನಿಯಾ ಈರುಳ್ಳಿ ಬಾಡಿಸುತ್ತಿದ್ದಳು.

"ಹೆರ್ಮಿನಿಯಾ, ಒಂದು ಗಳಿಗೆ ನಮ್ಮಿಬ್ಬರನ್ನೇ ಬಿಡ್ತೀಯಾ?"

"ನನ್ನ ಅಡುಗೆಮನೆಯಿಂದ ನನ್ನೇ ಓಡಿಸ್ತಿದೀಯಲ್ಲೋ," ಎಂದು ನಗುತ್ತ ಅವಳು ಹೊರಗೆ ಹೋದಳು. ಅವನ ಮುಖ ಅವಳು ಸರಿಯಾಗಿ ನೋಡಿರಲಿಲ್ಲ.

ಕೊರ್ಸಿನೊ ಕೋಟು ಕೂಡ ತೆಗೆಯಲಿಲ್ಲ. "ಸೆಲ್ಮೊ, ನಿನ್ನ ಆಟ ಮುಗೀತು," ಎಂದ.

"ಯಾರು ಹೇಳಿ ಕಳಿಸಿದ್ರು?"

"ಯಾರೂ ಇಲ್ಲ. ನಾನೇ."

"ಆ ಗೋಲು ನನ್ನಿಂದ ಆಯ್ತು ಅಂತೀಯಾ?"

"ಗೋಲಿನ ಮಾತಲ್ಲ. ಬೇಸಿಗೆಯಿಂದ ನಿಂಗೋಸ್ಕರ ಸ್ವಲ್ಪ ಮುಂಚೆನೇ ಕೂಗ್ತಿದೀನಿ. ನಿನ್ನ ಕಾಲು ತಡ ಆಗುತ್ತೆ ಅಂತ. ನಿಂಗೆ ಗೊತ್ತಾಗ್ಲೇ ಇಲ್ಲ. ಅವತ್ತು ಮುಂಚೆ ಕೂಗೋಕೆ ಆಗ್ಲಿಲ್ಲ, ಅಷ್ಟೇ."

ಸೆಲ್ಮೊನಿಗೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಆಡಿದ. "ನನ್ನ ಜಾಗಕ್ಕೆ ಬೆಂಚಲ್ಲಿ ಕೂತಿರೋ ನಿನ್ನ ತಮ್ಮನ್ನ ತುರುಕೋಕೆ ಬಂದಿದೀಯ, ಅಲ್ವಾ? ಹೇಳು, ನಾಚ್ಕೆ ಯಾಕೆ?"

ಕೊರ್ಸಿನೊ "ಮಾತು ಕೊಟ್ಟಿದ್ದೆ, ಹೇಳಿದೀನಿ," ಎಂದಷ್ಟೇ ಹೇಳಿ ಹೊರಟ. ಸೆಲ್ಮೊ ಮೆಟ್ಟಿಲ ಬಳಿ ನಿಂತು, ಕಟ್ಟಡದವರೆಲ್ಲ ಬಾಗಿಲು ತೆಗೆದು ನೋಡುವ ಹಾಗೆ, ಅವನ ಅಪ್ಪನನ್ನೂ ಅಮ್ಮನನ್ನೂ ಸೇರಿಸಿ ಬೈದ.

ಹಟಕ್ಕೆ ಬಿದ್ದು ದಕ್ಷಿಣದ ಊರೊಂದರ ತಂಡ ಸೇರಿದ. ಅಲ್ಲಿನ ಬಿಸಿಲು, ಅಲ್ಲಿನ ಗಟ್ಟಿ ನೆಲ, ಪಕ್ಕದಲ್ಲಿ ಕೂಗುವ ಗೊತ್ತಿಲ್ಲದ ದನಿ. ಒಂದು ಸಂಜೆ ಅವನ ಹೆಸರನ್ನೂ ಸರಿಯಾಗಿ ತಿಳಿಯದ ಜನ ಕರವಸ್ತ್ರ ತೆಗೆದರು. ಅದು ಯಾರಿಗೆಂದು ಸೆಲ್ಮೊನಿಗೆ ಅರ್ಥವಾಯಿತು. ಸೀಸನ್ ಮುಗಿಯುವ ಮೊದಲೇ ಹೆಂಡತಿಯೊಡನೆ ರಿಯಾಮೆರಾಕ್ಕೆ ಮರಳಿದ. ಕೊರ್ಸಿನೊ ಹೇಳಿದ್ದು ಸರಿಯೆಂದು ಗೊತ್ತಿತ್ತು. 'ನೀನು ಹೇಳಿದ್ದು ಸರಿ ಕಣೋ' ಎಂಬ ಇಷ್ಟೇ ಇಷ್ಟು ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ಅದೊಂದು ಬರದೆ ವರ್ಷಗಳೇ ಕಳೆದವು. ಬೀದಿಯಲ್ಲಿ ಎದುರಾದರೆ ಒಬ್ಬ ಈ ಬದಿ, ಒಬ್ಬ ಆ ಬದಿ. ಆಮೇಲಾಮೇಲೆ ಊರಿನವರೇ ಇಬ್ಬರನ್ನೂ ಒಂದೇ ಮದುವೆಗೆ ಕರೆಯುವುದು ಬಿಟ್ಟರು.

ಮುರಿದದ್ದು ಕೂಡಿದ್ದು ಹೆರ್ಮಿನಿಯಾ ತೀರಿಕೊಂಡಾಗ. ಚರ್ಚಿನ ಬಾಗಿಲಲ್ಲಿ ಸೆಲ್ಮೊ ಒಬ್ಬನೇ ನಿಂತು ಬಂದವರ ಕೈ ಹಿಡಿಯುತ್ತಿದ್ದ, ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಕೊರ್ಸಿನೊ ಬಂದ, ಕೈ ಹಿಡಿದ, ಆದರೆ ಎಲ್ಲರಂತೆ ಮುಂದೆ ಹೋಗಲಿಲ್ಲ. ಸುತ್ತಿ ಬಂದು ಸೆಲ್ಮೊನ ಎಡಗಡೆ, ಮೈದಾನದಲ್ಲಿ ಯಾವಾಗಲೂ ನಿಲ್ಲುತ್ತಿದ್ದ ಕಡೆಗೇ, ನಿಂತುಬಿಟ್ಟ. ಕೊನೆಯವರು ಹೋಗುವ ತನಕ ನಿಂತಿದ್ದ. ಮರುದಿನ ಮಧ್ಯಾಹ್ನ ಬಂದು ಬಾಗಿಲು ಬಡಿದು, "ಬಾರೋ, ಲೀನೊ ಅಂಗಡೀಲಿ ಹೊಸ ಸಿದ್ರಾ ಬಂದಿದೆಯಂತೆ," ಎಂದ. ಅಂದಿನಿಂದ ದಿನವೂ ಮಧ್ಯಾಹ್ನ ಆ ಸೇಬಿನ ಮದ್ಯದಂಗಡಿಯ ಅದೇ ಮೇಜು. ಹಳೆಯದರ ಬಗ್ಗೆ ಇಬ್ಬರೂ ತುಟಿ ಎರಡು ಮಾಡಲಿಲ್ಲ. ಸೆಲ್ಮೊನಿಗೆ ಬದುಕಿನಲ್ಲಿ ಉಳಿದಿದ್ದದ್ದೇ ಆ ಒಂದು ಮೇಜು.

ಇಬ್ಬರಿಗೂ ತಲೆ ನರೆತು ಇದೆಲ್ಲ ಹೀಗಿರುವಾಗ, ಬ್ರೆಡ್ ಅಂಗಡಿಯ ಮುಂದೆ ಎತೆಲ್ವಿನಾ ಸೆಲ್ಮೊನನ್ನು ಹಿಡಿದು ನಿಲ್ಲಿಸಿದಳು. ಎತೆಲ್ವಿನಾ ಕೊರ್ಸಿನೊನ ಹೆಂಡತಿ; ಜೋರು ದನಿಯ ಹೆಂಗಸು. ಅವತ್ತು ಮಾತ್ರ ಪಿಸುಗುಟ್ಟಿದಳು.

"ಭಾನುವಾರದ ಆಟಕ್ಕೆ ಅವನನ್ನ ಇಳಿಸ್ತೀರಾ?"

ಸಾಂತಾ ಬಾರ್ಬರಾ ಗಣಿಯವರ ದೇವತೆ. ಗಣಿಗಳೆಲ್ಲ ಮುಚ್ಚಿದ್ದರೂ ಹಬ್ಬ ಮುಚ್ಚಿರಲಿಲ್ಲ. ಹಬ್ಬದ ಭಾನುವಾರ ರಿಯಾಮೆರಾದ ಹಳೆಯ ಆಟಗಾರರಿಗೂ ಪಕ್ಕದ ಕಣಿವೆಯವರಿಗೂ ಪಂದ್ಯ. ಹೊಟ್ಟೆ ಬಂದವರು, ತಲೆ ಬೋಳಾದವರು, ಎಲ್ಲರೂ ಇಳಿಯುತ್ತಾರೆ. ಮೊಣಕಾಲಿಗೆ ಲೋಹದ ಕೀಲು ಹಾಕಿಸಿಕೊಂಡ ಸೆಲ್ಮೊ ಆಡುವುದಿಲ್ಲ. ತಂಡದ ಮೇಲ್ವಿಚಾರಕನಾಗಿ ಗೆರೆಯ ಪಕ್ಕ ನಿಂತು, ಆಟಗಾರರನ್ನು ಬದಲಿಸುವಾಗ ನಂಬರಿನ ಹಲಗೆ ಎತ್ತುತ್ತಾನೆ. ಕೊರ್ಸಿನೊ ಇನ್ನೂ ಆಡುತ್ತಾನೆ. ತೆಳ್ಳಗೆ, ನೆಟ್ಟಗೆ, ಊರಿಗೇ ಹೊಟ್ಟೆಯುರಿ ತರಿಸುವ ಹಾಗೆ.

"ಇಳೀತಾನೆ. ಯಾಕೆ?" ಎಂದ ಸೆಲ್ಮೊ.

"ಓವಿಯೆದೊ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ವಿ. ತಲೆ ಫೋಟೊ ತೆಗೆದ್ರು. ಒಳಗೆಲ್ಲ ಹಳೇ ಪೆಟ್ಟಿನ ಗುರುತಂತೆ. ಇನ್ನೊಂದು ಪೆಟ್ಟು ಬಿದ್ರೆ ಆಮೇಲೆ ಏನು ಉಳಿಯುತ್ತೋ ಹೇಳೋಕಾಗಲ್ಲ ಅಂದ್ರು ಡಾಕ್ಟರು. ಚೆಂಡಿಗೆ ತಲೆ ಕೊಡೋದೂ ಪೆಟ್ಟೇ ಅಂದ್ರು."

"ಅವನು ಏನಂದ?"

"ಡಾಕ್ಟರಿಗೆ, ನೀನು ಎಷ್ಟು ಮ್ಯಾಚ್ ಆಡಿದೀಯಪ್ಪ ಅಂತ ಕೇಳ್ದ." ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಮನೇಲಿ ಒಲೆ ಉರೀತಾ ಬಿಟ್ಟು ಎದ್ದು ಹೋಗ್ತಾನೆ. ಮೊನ್ನೆ ಅವರಪ್ಪನ ಹಳೇ ಮನೆ ಬಾಗಿಲು ಬಡೀತಾ ನಿಂತಿದ್ದನಂತೆ, ಅಲ್ಲೀಗ ಯಾರೋ ಇದಾರೆ. ಮಗ ಕಾಲು ಹಿಡ್ಕೊಂಡು ಹೇಳ್ದ. ನಾನು ಬೈದೆ, ಅತ್ತೆ. ಊಹೂಂ. ಸೆಲ್ಮೊ, ನೀನು ಹೇಳಿದ್ರೆ ಕೇಳ್ತಾನೆ. ಆಟ ಮುಗಿದಾಗ ಹೇಳೋನು ನೀನೊಬ್ಬನೇ ಅಂತ ಅವನೇ ಯಾವಾಗ್ಲೂ ಅಂತಿರ್ತಾನೆ. ನಿಮ್ಮಿಬ್ಬರ ಮಧ್ಯೆ ಏನೋ ಮಾತಾಗಿದೆಯಂತಲ್ಲ."

"ಹೇಳ್ತೀನಿ," ಎಂದ ಸೆಲ್ಮೊ.

ಹೇಳುವುದು ಕಷ್ಟವಲ್ಲ ಎಂದೇ ಅವನಿಗೆ ಆಗ ಅನ್ನಿಸಿದ್ದು. ಮನೆಗೆ ನಡೆಯುತ್ತ ಬಾಯಲ್ಲಿ ಆ ಮಾತನ್ನು ಹೊರಳಿಸಿ ನೋಡಿದ. 'ಕೊರ್ಸಿನೊ, ನಿನ್ನ ಆಟ ಮುಗೀತು.' ಹೊರಳಿಸುವಾಗ ಒಳಗೆಲ್ಲೋ ಸಣ್ಣಗೆ ಖುಷಿಯಾಯಿತು. ಎಷ್ಟೋ ವರ್ಷ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಇದೇ ಮಾತನ್ನು ಇದೇ ಮನುಷ್ಯನಿಗೆ ತಿರುಗಿಸಿ ಹೇಳುವ ಕನಸು ಕಂಡಿದ್ದ. ಆ ಖುಷಿ ಕಂಡು ಅವನಿಗೇ ಹೇಸಿಗೆಯಾಯಿತು.

ಮರುದಿನ ಮಧ್ಯಾಹ್ನ ಲೀನೊ ಅಂಗಡಿಯಲ್ಲಿ ಎಂದಿನ ಗದ್ದಲ. ಲೀನೊ ಬಾಟಲಿಯನ್ನು ತಲೆಯ ಮೇಲೆತ್ತಿ, ಕೆಳಗೆ ತೊಡೆಯ ಬಳಿ ಹಿಡಿದ ಲೋಟಕ್ಕೆ ಸಿದ್ರಾ ಸುರಿದ. ಸೇಬಿನ ಹುಳಿ ವಾಸನೆ ಎದ್ದಿತು. ಇಬ್ಬರಿಗೂ ಒಂದೇ ಲೋಟ. ಒಬ್ಬ ಒಂದೇ ಗುಟುಕಿಗೆ ಕುಡಿದು, ತಳದಲ್ಲಿ ಉಳಿದದ್ದನ್ನು ತನ್ನ ತುಟಿ ತಾಗಿದ ಅಂಚಿನ ಮೇಲಿಂದ ನೆಲಕ್ಕೆ ಚೆಲ್ಲಿ ಇನ್ನೊಬ್ಬನಿಗೆ ಕೊಡಬೇಕು.

"ಭಾನುವಾರ ಅವರ ಕಡೆ ಆ ಒಂಬತ್ತನೇ ನಂಬರಿನ ದಡೂತಿ ಬರ್ತಾನಂತೆ," ಎಂದ ಲೀನೊ. "ಕೊರ್ಸಿನೊ, ಅವನ ಹೊಟ್ಟೆ ದಾಟೋದ್ರೊಳಗೆ ನಿಂಗೆ ಕತ್ತಲಾಗುತ್ತೆ."

"ಅವನು ಎಂಬತ್ತೊಂದನೇ ಇಸ್ವೀಲೂ ಹಾಗೇ ಇದ್ದ," ಎಂದ ಕೊರ್ಸಿನೊ. "ಸೆಲ್ಮೊ ಅವನ ಅಂಗಿ ಹಿಡಿದು ಎಳ್ದಿದ್ದಕ್ಕೆ ಹರಿದೇ ಹೋಯ್ತು. ರೆಫರಿ ಕೇಳ್ದಾಗ ಇವನು ಏನಂದ ಗೊತ್ತಾ? ಸ್ವಾಮಿ, ಇವನ ಮೈ ಬೆಳೀತಾ ಇದೆ, ಬಟ್ಟೆ ಸಾಲ್ತಿಲ್ಲ ಅಂದ!"

ಅಂಗಡಿಯವರೆಲ್ಲ ನಕ್ಕರು. ಸೆಲ್ಮೊನೂ ನಕ್ಕ. ಆ ಪಂದ್ಯದ ರೆಫರಿಯ ಹೆಸರು, ಅವನ ಊರು, ಅವತ್ತು ಬಂದ ಆಲಿಕಲ್ಲು, ಕೊರ್ಸಿನೊ ಒಂದೂ ಬಿಡದೆ ಹೇಳಿದ. ಇಷ್ಟೆಲ್ಲ ನೆನಪಿರುವವನಿಗೆ ಏನಾಗಿದೆ? ಡಾಕ್ಟರುಗಳಿಗೆ ಹೆದರಿಸುವುದೇ ಕೆಲಸ. ಸೆಲ್ಮೊನ ಎದೆ ಹಗುರವಾಯಿತು. ಆದರೂ ಕೊಟ್ಟ ಮಾತೆಂದು ಲೋಟ ಕೆಳಗಿಟ್ಟು, "ಕೊರ್ಸಿನೊ, ಒಂದು ವಿಷ್ಯ," ಎಂದು ಶುರು ಮಾಡಿದ.

ಕೊರ್ಸಿನೊ ಗೋಡೆ ಗಡಿಯಾರ ನೋಡಿದ. "ಅಯ್ಯೋ, ಹೊತ್ತಾಯ್ತಲ್ಲೋ. ಹೆರ್ಮಿನಿಯಾ ಬಯ್ಯಲ್ವಾ ನಿಂಗೆ? ಇವತ್ತೇನು ಮಾಡಿದಾಳೆ ಊಟಕ್ಕೆ?"

ಲೀನೊ ಲೋಟ ಒರೆಸುತ್ತಿದ್ದವನು ಕೈ ನಿಲ್ಲಿಸಿದ. ಪಕ್ಕದ ಮೇಜಿನವರು ಬೇರೆ ಕಡೆ ನೋಡಿದರು.

"ಬೀನ್ಸು," ಎಂದ ಸೆಲ್ಮೊ. "ಹಂದಿ ಕಿವಿ ಹಾಕಿ."

"ನಂಗೂ ಒಂದು ಪಾತ್ರೆ ಎತ್ತಿಡೋಕೆ ಹೇಳು. ಎತೆಲ್ವಿನಾ ಬೀನ್ಸ್ ಮಾಡಿದ್ರೆ ನೀರು ಬೇರೆ, ಕಾಳು ಬೇರೆ."

"ಹೇಳ್ತೀನಿ."

ಸೆಲ್ಮೊನಿಗೆ ಹೆದರಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದು ಇತ್ತು. ಹೆರ್ಮಿನಿಯಾ ಸತ್ತ ಮೇಲೆ ಅವಳು ಊಟಕ್ಕೆ ಏನು ಮಾಡಿದ್ದಾಳೆಂದು ಯಾರೂ ಕೇಳಿರಲಿಲ್ಲ. ಈ ಲೋಕದಲ್ಲಿ ಒಂದೇ ಒಂದು ತಲೆಯೊಳಗೆ ಅವಳು ಇನ್ನೂ ಒಲೆಯ ಮುಂದೆ ನಿಂತಿದ್ದಳು, ಗಂಡ ತಡವಾಗಿ ಬಂದನೆಂದು ಬಯ್ಯಲು ಕಾದಿದ್ದಳು. ಆ ತಲೆಗೆ 'ನೀನು ಕೆಟ್ಟಿದ್ದೀಯ' ಎಂದು ಹೇಳುವುದು ಹೇಗೆ? ಹೇಳಿದ ಮರುದಿನ ಕೊರ್ಸಿನೊ ಈ ಮೇಜಿಗೆ ಬಾರದೆ ಹೋದರೆ? ಅದೇ ಮಾತು ಕೇಳಿದ ತಾನಂತೂ ವರ್ಷಗಟ್ಟಲೆ ಅವನ ಮುಖ ನೋಡಿರಲಿಲ್ಲ.

ಭಾನುವಾರ ಬೆಳಗ್ಗೆ ಬೆಟ್ಟದ ಮೇಲೆ ಮಂಜು ಕೂತಿತ್ತು. ಸೆಲ್ಮೊ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಹೋಗಿ ಕೋಚ್ ಫೋನ್ಸೊನನ್ನು ಪಕ್ಕಕ್ಕೆ ಕರೆದ. ಫೋನ್ಸೊ ಅವರ ಕಾಲದ ಗೋಲ್‌ಕೀಪರಿನ ಮಗ, ಊರಿನ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು.

"ಕೊರ್ಸಿನೊನ ಇವತ್ತು ಬೆಂಚಲ್ಲಿ ಕೂರಿಸು."

"ಯಾಕೆ, ಯಜಮಾನ್ರೆ? ಹುಷಾರಿಲ್ವಾ?"

"ಹುಷಾರಾಗಿದಾನೆ. ಸುಮ್ನೆ ಕೂರಿಸು."

"ನಾನು ಹೇಳಿದ್ರೆ ನನ್ನ ಕಿವಿ ಹಿಂಡ್ತಾರೆ. ನನ್ನ ನಾಮಕರಣದ ದಿನ ಎತ್ಕೊಂಡಿದ್ರಂತೆ, ಈಗಲೂ ಎಲ್ಲರ ಮುಂದೆ ಅದನ್ನೇ ಹೇಳ್ತಾರೆ. ನೀವೇ ಹೇಳಿಬಿಡಿ. ನಿಮ್ಮ ಮಾತಾದ್ರೆ ಬೇರೆ."

ಎಲ್ಲರೂ ಹೇಳಲು ಸೆಲ್ಮೊನನ್ನೇ ತೋರಿಸುತ್ತಿದ್ದರು. ಸೆಲ್ಮೊ ಬಟ್ಟೆ ಬದಲಿಸುವ ಕೋಣೆಗೆ ಹೋದ. ಉಳಿದವರು ಆಗಲೇ ಮೈ ಬಿಸಿ ಮಾಡಿಕೊಳ್ಳಲು ಹೊರಗೆ ಹೋಗಿದ್ದರು. ಕೊರ್ಸಿನೊ ಒಬ್ಬನೇ ಬೆಂಚಿನ ಮೇಲೆ ಕೂತು ಬೂಟಿನ ದಾರ ಹಿಡಿದಿದ್ದ. ಗಂಟು ಹಾಕುತ್ತಿರಲಿಲ್ಲ. ದಾರದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮುಂದೇನು ಎಂಬಂತೆ ಅವುಗಳನ್ನೇ ನೋಡುತ್ತಿದ್ದ.

ಸೆಲ್ಮೊ ಲೋಹದ ಮೊಣಕಾಲನ್ನು ಪಕ್ಕಕ್ಕೆ ಚಾಚಿ ಕಷ್ಟಪಟ್ಟು ಕೆಳಗೆ ಕೂತ. ದಾರ ಇಸಿದುಕೊಂಡು ಕಟ್ಟಿದ. ಕೊರ್ಸಿನೊ ಕಾಲು ಮುಂದಿಟ್ಟು ಕಟ್ಟಿಸಿಕೊಂಡ.

"ಕೊರ್ಸಿನೊ."

"ಹೇಳು."

ಕೊರ್ಸಿನೊ ತಲೆ ಎತ್ತಿ ನೇರ ನೋಡಿದ. ಕಣ್ಣು ತಿಳಿಯಾಗಿತ್ತು. ಆ ಗಳಿಗೆಯಲ್ಲಿ ಅವನು ಪೂರ್ತಿ ಅಲ್ಲಿದ್ದ, ಹಳೆಯ ಕೊರ್ಸಿನೊ, ಮೈದಾನದ ಮೂಲೆ ಮೂಲೆ ನೋಡುತ್ತಿದ್ದವನು. ಹೇಳಿದರೆ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಕಾಯುತ್ತಿದ್ದಾನೇನೋ ಎಂದು ಕೂಡ ಸೆಲ್ಮೊನಿಗೆ ಅನ್ನಿಸಿತು. ಅಂಥ ಕಣ್ಣಿಗೆ ಹೇಳಲು ಎಷ್ಟು ಗಟ್ಟಿ ಎದೆ ಬೇಕೆಂದು, ಅವತ್ತು ಈರುಳ್ಳಿ ವಾಸನೆಯ ಅಡುಗೆಮನೆಯಲ್ಲಿ ಕೋಟು ತೆಗೆಯದೆ ನಿಂತಿದ್ದವನಿಗೆ ಏನಾಗಿರಬೇಕೆಂದು, ಸೆಲ್ಮೊನಿಗೆ ಹೊಳೆದದ್ದು ಆಗಲೇ.

"ಎಡಗಡೆ ನೆಲ ಜಾರುತ್ತೆ," ಎಂದ. "ಜೋಪಾನ."

"ಅಷ್ಟೇನಾ?"

"ಅಷ್ಟೇ."

ಕೊರ್ಸಿನೊ ಅವನ ಭುಜ ತಟ್ಟಿ ಎದ್ದು ಹೋದ. ಸೆಲ್ಮೊನಿಗೆ ನೆಲದಿಂದ ಏಳಲು ಗೋಡೆ ಬೇಕಾಯಿತು.

ಸ್ಟ್ಯಾಂಡಿನಲ್ಲಿ ಊರಿಗೆ ಊರೇ ಸೇರಿತ್ತು. ಕೆಳಗಿನ ಸಾಲಿನಲ್ಲಿ ಎತೆಲ್ವಿನಾ ಮಗನ ಜೊತೆ ಕೂತಿದ್ದಳು. ಗಂಡ ಮೈದಾನಕ್ಕಿಳಿದದ್ದು ಕಂಡು ಅವಳು ಸೆಲ್ಮೊನ ಕಡೆ ನೋಡಿದಳು. ಸೆಲ್ಮೊ ಹಲಗೆಯ ನಂಬರು ತಿರುಗಿಸುವ ಕೆಲಸದಲ್ಲಿ ಮುಳುಗಿದವನಂತೆ ಬಗ್ಗಿದ.

ಮೊದಮೊದಲು ಎಲ್ಲ ಸರಿಯಾಗಿತ್ತು. ಕೊರ್ಸಿನೊ ನಿಂತಲ್ಲೇ ಕೈ ಬೀಸಿ ಆಟ ನಡೆಸಿದ. ದಡೂತಿ ಒಂಬತ್ತನೇ ನಂಬರಿನವನ ಕಾಲಿನಿಂದ ಚೆಂಡು ಕಿತ್ತು ತನ್ನವರಿಗೆ ಕೊಟ್ಟ. "ಅಜ್ಜನ ಮುಟ್ಬೇಡ್ರೋ, ಕಚ್ತಾನೆ!" ಎಂದು ಯಾರೋ ಕೂಗಿದರು, ಜನ ನಕ್ಕರು. ಆಮೇಲೆ ಪಕ್ಕದ ಕಣಿವೆಯವರು ಚೆಂಡನ್ನು ಎತ್ತರಕ್ಕೆ ಹೊಡೆದರು. ಮಂಜಿನಿಂದ ಅದು ಇಳಿದು ಬರುತ್ತಿರುವಾಗ ಕೊರ್ಸಿನೊ ಹಿಂದೆ ಹಿಂದೆ ಹೆಜ್ಜೆಯಿಟ್ಟು, ನೆಗೆದು, ಹಣೆ ಕೊಟ್ಟ. ಠಪ್ಪೆಂದ ಸದ್ದು ಗೆರೆಯ ಈಚೆಗೂ ಕೇಳಿತು. ಜನ ಚಪ್ಪಾಳೆ ತಟ್ಟಿದರು. ಕೊರ್ಸಿನೊ ಗೋಲಿನ ಕಂಬ ಹಿಡಿದು ನಿಂತ. ಕಂಬ ಬಿಡಲಿಲ್ಲ. ಚೆಂಡು ಬೇರೆಲ್ಲೋ ಹೋಗಿ ಮರಳಿ ಬರುವವರೆಗೂ ಹಾಗೇ ನಿಂತಿದ್ದ.

ಆಮೇಲೆ ಒಮ್ಮೆಲೇ ಅವನ ದನಿ ಕೇಳಿತು. ಆ ವಯಸ್ಸಿನಲ್ಲೂ ಹರಿತವಾದ, ಮೈದಾನ ಸೀಳುವ ದನಿ.

"ಸೆಲ್ಮೊ, ಹೊರಗೆ!"

ಪಕ್ಕದಲ್ಲಿ ಆಡುತ್ತಿದ್ದವನ ಹೆಸರು ಸೆಲ್ಮೊ ಅಲ್ಲ. ಅವನು ಯಾರನ್ನು ಕರೆದದ್ದೆಂದು ತಿಳಿಯದೆ ಇದ್ದಲ್ಲೇ ನಿಂತ. ಕೊರ್ಸಿನೊ ಒಬ್ಬನೇ ಮುಂದಕ್ಕೆ ನೆಗೆದ. ಮತ್ತು ಗೆರೆಯ ಈಚೆ, ಹಲಗೆ ಹಿಡಿದು ನಿಂತಿದ್ದ ಸೆಲ್ಮೊ, ತಿರುಗಿ ನೋಡದೆ, ಯೋಚಿಸದೆ, ಲೋಹದ ಮೊಣಕಾಲಿನಲ್ಲೇ ಒಂದು ಹೆಜ್ಜೆ ಮುಂದಿಟ್ಟು ಗೆರೆ ದಾಟಿದ್ದ. ಒಂಬತ್ತನೇ ನಂಬರಿನವನ ಹೊಡೆತ ಗೋಲ್‌ಕೀಪರಿನ ಕೈ ತಾಗಿ ಹೊರಗೆ ಹೋಯಿತು. ಕಾರ್ನರ್.

ಕಾರ್ನರ್ ಎಂದರೆ ಚೆಂಡು ಮತ್ತೆ ಎತ್ತರಕ್ಕೆ ಬರುತ್ತದೆ. ಹತ್ತು ತಲೆ ಒಟ್ಟಿಗೆ ಮೇಲೇಳುತ್ತವೆ. ಪಕ್ಕದ ಕಣಿವೆಯ ಭಾರೀ ಆಳುಗಳೆಲ್ಲ ಗೋಲಿನ ಮುಂದೆ ಬಂದು ಕೊರ್ಸಿನೊನ ಸುತ್ತ ಜಮಾಯಿಸುತ್ತಿದ್ದರು.

ಸೆಲ್ಮೊ ಫೋನ್ಸೊನ ಕಡೆ ನೋಡಲೂ ಇಲ್ಲ. ಹಲಗೆ ತಿರುಗಿಸಿ, ರೆಫರಿಗೆ ಕೂಗಿ, ತಲೆಯ ಮೇಲೆತ್ತಿ ಹಿಡಿದ. ನಾಲ್ಕು.

"ಏನ್ ಮಾಡ್ತಿದೀರಿ, ಯಜಮಾನ್ರೆ?" ಎಂದ ಫೋನ್ಸೊ. "ನಾನು ಹೇಳಿಲ್ವಲ್ಲ?"

"ಯಾರನ್ನಾದ್ರೂ ಇಳಿಸು. ಬೇಗ."

ಕೊರ್ಸಿನೊ ಹಲಗೆ ನೋಡಲಿಲ್ಲ. ಯಾರೋ ತೋಳು ತಟ್ಟಿ ತೋರಿಸಿದರು. ಅವನು ತನ್ನ ಬೆನ್ನಿನ ನಂಬರು ಯಾವುದೆಂದು ಕೇಳಿದನೆಂದು ಕಾಣುತ್ತದೆ, ಆ ಆಟಗಾರ ಅವನ ಬೆನ್ನು ಮುಟ್ಟಿ ಬೆರಳುಗಳನ್ನು ಎತ್ತಿ ತೋರಿಸಿದ. ಮೈದಾನದ ಅಡ್ಡಕ್ಕೆ ಕೊರ್ಸಿನೊ ನಿಧಾನವಾಗಿ ನಡೆದು ಬಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರ ಮುಂದೆ, ಅರ್ಧ ಆಟದಲ್ಲಿ, ಗೋಲಿನ ಬಾಯಿಂದ ತೆಗೆಯುವುದೆಂದರೆ ಎಂಥ ಅವಮಾನವೆಂದು ಚಪ್ಪಾಳೆ ತಟ್ಟುವವರಿಗೂ ಗೊತ್ತಿತ್ತು.

ಗೆರೆ ದಾಟಿ ಬಂದು ಅವನು ಸೆಲ್ಮೊನ ಎದುರಿಗೇ ನಿಂತ. ಹಣೆಯಲ್ಲಿ ಚೆಂಡು ತಾಗಿದ ಕೆಂಪು ಗುರುತು.

"ಯಾರು ತೆಗೆದಿದ್ದು ನನ್ನ?"

ಈಗಲೂ ಹೇಳಬಹುದಿತ್ತು. ಸೆಲ್ಮೊ ಬಾಯಿ ತೆರೆದ.

"ಫೋನ್ಸೊ," ಎಂದ. "ಕೋಚ್ ಹೇಳ್ದ."

ಫೋನ್ಸೊ ಏನೋ ಹೇಳಹೊರಟು, ಸೆಲ್ಮೊನ ಮುಖ ನೋಡಿ ಮೈದಾನದ ಕಡೆ ತಿರುಗಿದ.

"ಇವನಾ?" ಕೊರ್ಸಿನೊ ಜೋರಾಗಿ ನಕ್ಕ. ಎದೆಯ ಮೇಲಿಂದ ದೊಡ್ಡ ಕಲ್ಲು ಇಳಿದವನ ನಗು. "ನಾನು ಹೆದರಿಬಿಟ್ಟೆ ಕಣೋ. ಮುಗೀತೇನೋ ಅಂದ್ಕೊಂಡೆ. ಡಾಕ್ಟರು, ಎತೆಲ್ವಿನಾ, ಮಗ, ಎಲ್ಲ ಸೇರ್ಕೊಂಡು ತಲೆ ತಿಂತಿದಾರೆ, ನಂಗೂ ಅನುಮಾನ ಬರೋಕೆ ಶುರುವಾಗಿತ್ತು. ಆದ್ರೆ ನೀನು ಏನೂ ಹೇಳ್ಲಿಲ್ವಲ್ಲ. ಈಗ ಬೂಟು ಕಟ್ಟುವಾಗ್ಲೂ ಹೇಳ್ಲಿಲ್ಲ. ಮುಗಿದಿದ್ರೆ ನೀನು ಹೇಳಿರ್ತಿದ್ದೆ."

ಸೆಲ್ಮೊ ಹಲಗೆಯನ್ನು ಎದೆಗೆ ಒತ್ತಿ ಹಿಡಿದಿದ್ದ.

"ಕ್ರಿಸ್ಮಸ್ ಆದ್ಮೇಲೆ ಅವರ ಊರಲ್ಲಿ ತಿರುಗಿ ಆಟ ಇದೆಯಲ್ಲ," ಎಂದ ಕೊರ್ಸಿನೊ, ಬೆಂಚಿನ ಮೇಲೆ ಕೂತು ಕಂಬಳಿ ಹೊದ್ದುಕೊಳ್ಳುತ್ತ. "ಪೂರ್ತಿ ಆಡ್ತೀನಿ. ಈ ಹುಡುಗಂಗೆ ಸರಿಯಾಗಿ ಹೇಳಿಡು."

"ಆಯ್ತು."

ಆಟ ಮುಗಿದು ಜನ ಇಳಿದು ಬರುವಾಗ ಎತೆಲ್ವಿನಾ ಬೇಲಿಯ ಬಳಿ ಕಾದಿದ್ದಳು. ಅತ್ತಿದ್ದಳು, ಮುಖ ಮಾತ್ರ ಈಗ ಹಗುರವಾಗಿತ್ತು. ಬೇಲಿಯ ಮೇಲಿಂದ ಕೈ ಚಾಚಿ ಸೆಲ್ಮೊನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೇಳಿದೆ ತಾನೆ?"

"ಹೂಂ," ಎಂದ ಸೆಲ್ಮೊ.

ಅವನು ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಬಸ್ಸಿನಲ್ಲಿ ಕೊಟ್ಟ ಮಾತನ್ನು ಕೊರ್ಸಿನೊ ಉಳಿಸಿಕೊಂಡಿದ್ದ, ಸೆಲ್ಮೊ ಮುರಿದ.